ಆಳವಿಲ್ಲದ ಕಡಲಲ್ಲಿ ಧ್ವನಿಯ ಸಂಗಮ



ವಿಜ್ಞಾನದ ಒಂದೇ ಒಂದು ವಿಷಯವನ್ನು ಕನ್ನಡದಲ್ಲಿ, ಅವಸರವಿಲ್ಲದೆ, ಎಲ್ಲರಿಗೂ ತಿಳಿಯುವಂತೆ ಹೇಳಬೇಕು ಎಂಬುದು ಈ ಉಪನ್ಯಾಸದ ನಿಯಮ ಎಂದು ಸಂಘಟಕರು ತಿಳಿಸಿದರು. ಕಡಲ ತೀರದ ಕಾಲೇಜಿನಲ್ಲಿ ಮಾತಾಡುವಾಗ ಕಡಲನ್ನೇ ಆರಿಸಿಕೊಳ್ಳುವುದು ನ್ಯಾಯವೆನಿಸಿತು. ಆಳವಿಲ್ಲದ ಸಮುದ್ರದಲ್ಲಿ ಒಂದು ಶಬ್ದವನ್ನು ಹಲವು ಕಿಲೋಮೀಟರ್ ಆಚೆ, ನಮಗೆ ಬೇಕಾದ ಒಂದೇ ಜಾಗದಲ್ಲಿ ಕೂಡಿಸುವುದು ಹೇಗೆ ಎಂಬುದು ಇವತ್ತಿನ ವಿಷಯ. ಅದು ಸಾಧ್ಯವೆಂದು 1996ರಲ್ಲಿ ಇಟಲಿಯ ಪಶ್ಚಿಮ ಕರಾವಳಿಯಾಚೆ ತೋರಿಸಿಕೊಟ್ಟರು. ನನ್ನ ಮಾತಿನ ಹೆಚ್ಚು ಭಾಗ ಆ ಪ್ರಯೋಗದ ಸುತ್ತಲೇ ಇರುತ್ತದೆ.

ಮೊದಲು, ಶಬ್ದವೇ ಏಕೆ? ನೀರಿನೊಳಗೆ ನಮಗೆ ಬೇರೆ ದಾರಿಯಿಲ್ಲ. ಬಿಸಿಲು ಎಷ್ಟೇ ಪ್ರಖರವಾಗಿರಲಿ, ತಿಳಿಯಾದ ಕಡಲಲ್ಲೂ ಸುಮಾರು 200 ಮೀಟರ್ ಇಳಿಯುವಷ್ಟರಲ್ಲಿ ಬಹುಪಾಲು ಕರಗಿಹೋಗುತ್ತದೆ. ಉಪ್ಪುನೀರು ವಿದ್ಯುತ್ತನ್ನು ಹರಿಸುವುದರಿಂದ ಮೊಬೈಲ್ ಆಗಲಿ ಜಿಪಿಎಸ್ ಆಗಲಿ ಬಳಸುವ ರೇಡಿಯೋ ತರಂಗಗಳು ಮೇಲ್ಮೈಯಲ್ಲೇ ನಿಂತುಬಿಡುತ್ತವೆ. ಶಬ್ದ ಮಾತ್ರ ದೂರ ಹೋಗುತ್ತದೆ, ಅದೂ ಗಾಳಿಯಲ್ಲಿ ಹೋಗುವುದರ ನಾಲ್ಕು ಪಟ್ಟಿಗಿಂತ ಹೆಚ್ಚು ವೇಗದಲ್ಲಿ. 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲಾಡನ್ ಮತ್ತು ಸ್ಟರ್ಮ್ ನೀರಿನೊಳಗೆ ಗಂಟೆ ಬಾರಿಸಿ, ದೂರದ ದೋಣಿಯಲ್ಲಿ ಕೂತು ಕೇಳಿ, ಆ ವೇಗ ಸೆಕೆಂಡಿಗೆ 1435 ಮೀಟರ್ ಎಂದು ಅಳೆದರು. ಕಡಲ ನೀರಿನಲ್ಲಿ ಅದು 1500ರ ಆಸುಪಾಸು.

ಆಳವಾದ ಮಹಾಸಾಗರದಲ್ಲಿ ಶಬ್ದ ತಳವನ್ನೇ ಮುಟ್ಟದೆ ಸಾವಿರಾರು ಕಿಲೋಮೀಟರ್ ಸಾಗಬಲ್ಲದು. ತೀರಕ್ಕೆ ಅಂಟಿಕೊಂಡ ಖಂಡದ ಅಂಚಿನ ಕಡಲಿನ ಕಥೆ ಬೇರೆ. ಅಲ್ಲಿ ಆಳ ಹೆಚ್ಚೆಂದರೆ 200 ಮೀಟರ್. ಮೇಲೆ ಅಲೆಯಾಡುವ ಮೇಲ್ಮೈ, ಕೆಳಗೆ ಮರಳೋ ಕೆಸರೋ ಬಂಡೆಯೋ ಇರುವ ತಳ. ಮೂಲದಿಂದ ಹೊರಟ ಶಬ್ದ ಒಂದು ದಾರಿಯಲ್ಲಿ ನೇರ ಹೋದರೆ, ಇನ್ನೊಂದರಲ್ಲಿ ಮೇಲ್ಮೈಗೆ ಬಡಿದು ತಳಕ್ಕಿಳಿಯುತ್ತದೆ, ಮತ್ತೊಂದರಲ್ಲಿ ನಾಲ್ಕಾರು ಬಾರಿ ಮೇಲೆ ಕೆಳಗೆ ಪುಟಿಯುತ್ತದೆ. ಪ್ರತಿ ದಾರಿಯ ಉದ್ದವೂ ಬೇರೆಯಾದ್ದರಿಂದ ಕಿರಿದಾದ ಒಂದು ಸದ್ದು ಆರು ಕಿಲೋಮೀಟರ್ ಆಚೆ ಎಳೆದುಕೊಂಡ, ಕಲಸಿಹೋದ ಸದ್ದಾಗಿ ಕೇಳುತ್ತದೆ. ಕೆಲವು ಆಳಗಳಲ್ಲಿ ತರಂಗಗಳು ಒಂದನ್ನೊಂದು ಬಲಪಡಿಸುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸುತ್ತವೆ.

ಈ ಗೊಂದಲಕ್ಕೆ ಗಣಿತದ ಶಿಸ್ತು ತಂದವರಲ್ಲಿ ಖೈಮ್ ಪೆಕೆರಿಸ್ ಮುಖ್ಯರು. 1948ರಲ್ಲಿ ಪ್ರಕಟವಾದ ಅವರ ಕೆಲಸ ಆಳವಿಲ್ಲದ ನೀರನ್ನು ಶಬ್ದದ ಕೊಳವೆಯಂತೆ ಪರಿಗಣಿಸಿತು. ತಳಕ್ಕೆ ತೀರ ಕಡಿದಾಗಿ ಬಡಿಯುವ ಶಬ್ದ ಮಣ್ಣಿನೊಳಗೆ ಹೋಗಿ ಕಳೆದುಹೋಗುತ್ತದೆ. ಓರೆಯಾಗಿ ಸವರುವಂತೆ ಬಡಿಯುವುದು ಮಾತ್ರ ವಾಪಸು ಬರುತ್ತದೆ. ಹೀಗೆ ಉಳಿದುಕೊಂಡ ಶಬ್ದ ಕೆಲವೇ ನಿಗದಿತ ವಿನ್ಯಾಸಗಳಲ್ಲಿ ಸಾಗುತ್ತದೆ. ಅವುಗಳಿಗೆ ಮೋಡ್ ಎಂದು ಹೆಸರು. 125 ಮೀಟರ್ ಆಳದ ನೀರು, 445 ಹರ್ಟ್ಜ್‌ನ ಸದ್ದು, ನೀರಿಗಿಂತ ಸ್ವಲ್ಪ ವೇಗವಾಗಿ ಶಬ್ದ ಸಾಗಿಸುವ ತಳ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಇಪ್ಪತ್ತೈದರ ಆಸುಪಾಸು ಮೋಡ್‌ಗಳು ಸಿಗುತ್ತವೆ. ಪ್ರತಿಯೊಂದಕ್ಕೂ ತನ್ನದೇ ವೇಗ.

ಇಂಥ ನೀರಿನಲ್ಲಿ ಶಬ್ದವನ್ನು ಒಂದೆಡೆಗೆ ಗುರಿಯಿಡಬೇಕಾದರೆ ಏನು ಮಾಡುವುದು? ರೂಢಿಯ ಉತ್ತರ, ಹಲವು ಧ್ವನಿಮೂಲಗಳನ್ನು ಒಂದು ಸಾಲಿನಲ್ಲಿ ಜೋಡಿಸುವುದು. ಪ್ರತಿಯೊಂದನ್ನೂ ಸ್ವಲ್ಪ ಹಿಂದುಮುಂದಾಗಿ ನುಡಿಸಿದರೆ ತರಂಗಗಳು ಬೇಕಾದ ಕಡೆ ಕೂಡಿಕೊಳ್ಳುತ್ತವೆ. ರೇಡಿಯೋದ ಆಂಟೆನಾ ಸಾಲುಗಳೂ ಹೀಗೇ ಕೆಲಸ ಮಾಡುತ್ತವೆ. ಆದರೆ ಇದಕ್ಕೊಂದು ಮಿತಿಯಿದೆ. ಸಂಗಮದ ಅಗಲ ಸ್ಥೂಲವಾಗಿ ತರಂಗದೂರವನ್ನು ಅಂತರದಿಂದ ಗುಣಿಸಿ ಸಾಲಿನ ಉದ್ದದಿಂದ ಭಾಗಿಸಿದಷ್ಟು. 445 ಹರ್ಟ್ಜ್‌ಗೆ ತರಂಗದೂರ ಸುಮಾರು 3.4 ಮೀಟರ್. ಸಾಲಿನ ಉದ್ದ 77 ಮೀಟರ್, ಗುರಿ 6.3 ಕಿಲೋಮೀಟರ್ ಆಚೆ ಎಂದರೆ ಉತ್ತರ ಸುಮಾರು 280 ಮೀಟರ್. ಅಂದರೆ ಸಂಗಮದ ಅಗಲವೇ ನೀರಿನ ಆಳದ ಎರಡು ಪಟ್ಟು! ಅದನ್ನು ಸಂಗಮ ಎನ್ನುವ ಹಾಗೇ ಇಲ್ಲ. ಅದರ ಮೇಲೆ ತಳದ ಮಣ್ಣು, ನೀರಿನ ತಾಪ, ಉಪ್ಪಿನಂಶ ಎಲ್ಲವೂ ಚೆನ್ನಾಗಿ ಗೊತ್ತಿಲ್ಲದಿದ್ದರೆ ಯಾವ ಮೂಲವನ್ನು ಎಷ್ಟು ಹಿಂದುಮುಂದಾಗಿ ನುಡಿಸಬೇಕು ಎಂಬ ಲೆಕ್ಕವೂ ತಪ್ಪುತ್ತದೆ.

ಇಲ್ಲಿಯೇ ಒಂದು ಸುಂದರವಾದ ಉಪಾಯ ಬರುತ್ತದೆ. ಲೆಕ್ಕವನ್ನು ನಾವು ಹಾಕುವುದು ಬೇಡ, ಕಡಲೇ ಹಾಕಿಕೊಡಲಿ.

ಒಂದು ಮದುವೆಯ ದಿಬ್ಬಣವನ್ನು ನೆನೆಸಿಕೊಳ್ಳಿ. ಹುಡುಗನ ಮನೆಯಿಂದ ಎಲ್ಲರೂ ಒಂದೇ ಗಳಿಗೆಯಲ್ಲಿ ಹೊರಟರು. ಕೆಲವರು ಬಸ್ಸಿನಲ್ಲಿ, ಕೆಲವರು ದೋಣಿಯಲ್ಲಿ ಹೊಳೆ ದಾಟಿ, ಕೆಲವರು ಗುಡ್ಡದ ಕಾಲುದಾರಿಯಲ್ಲಿ ನಡೆದು ಹುಡುಗಿಯ ಮನೆಗೆ ಬೇರೆ ಬೇರೆ ಹೊತ್ತಿಗೆ ಮುಟ್ಟಿದರು. ಯಾರು ಎಷ್ಟು ತಡವಾಗಿ ಬಂದರೆಂದು ಒಬ್ಬರು ಬರೆದಿಟ್ಟುಕೊಂಡರು. ಹಿಂದಿರುಗುವಾಗ ಕೊನೆಗೆ ಬಂದವರು ಮೊದಲು ಹೊರಡಬೇಕು, ಮೊದಲು ಬಂದವರು ಕೊನೆಗೆ. ನಡುವಿನ ಅಂತರ ಅಷ್ಟೇ ಇರಬೇಕು, ದಾರಿಯೂ ಬಂದದ್ದೇ ಆಗಿರಬೇಕು. ಹಾಗೆ ಮಾಡಿದರೆ ಎಲ್ಲರೂ ಹುಡುಗನ ಮನೆಯ ಬಾಗಿಲಿಗೆ ಒಟ್ಟಿಗೇ ಬಂದು ನಿಲ್ಲುತ್ತಾರೆ. ಬರೆದಿಟ್ಟುಕೊಂಡವರಿಗೆ ದಾರಿಗಳ ನಕ್ಷೆ ಗೊತ್ತಿರಬೇಕಾಗಿಲ್ಲ.

ಶಬ್ದಕ್ಕೆ ಇದೇ ಉಪಾಯ ಹೊಂದುತ್ತದೆ, ಏಕೆಂದರೆ ತರಂಗದ ಸಮೀಕರಣದಲ್ಲಿ ಕಾಲದ ಎರಡನೆಯ ಅವಕಲನ ಮಾತ್ರ ಇದೆ. ಕಾಲದ ಚಿಹ್ನೆಯನ್ನು ತಿರುಗಿಸಿದರೂ ಸಮೀಕರಣ ಬದಲಾಗುವುದಿಲ್ಲ. ಮುಂದಕ್ಕೆ ಸಾಗುವ ತರಂಗ ಸಾಧ್ಯವಾದರೆ ಅದೇ ತರಂಗ ಹಿಂದಕ್ಕೆ ಮಡಚಿಕೊಳ್ಳುವುದೂ ಸಾಧ್ಯ. ನೀರು ಶಬ್ದವನ್ನು ಹೀರಿಕೊಳ್ಳುವಷ್ಟರ ಮಟ್ಟಿಗೆ ಈ ಸಮತೋಲ ಕೆಡುತ್ತದೆ, ನಿಜ. ಆದರೆ ಕೆಲವು ನೂರು ಹರ್ಟ್ಜ್‌ನ ಸದ್ದಿನಲ್ಲಿ ನೀರಿನ ಹೀರಿಕೆ ಬಹಳ ಕಡಿಮೆ. ಜೊತೆಗೆ ಲಾರ್ಡ್ ರೇಲಿ ತಮ್ಮ ಧ್ವನಿಶಾಸ್ತ್ರದ ಗ್ರಂಥದಲ್ಲಿ ಚರ್ಚಿಸಿದ ಪರಸ್ಪರತೆಯ ನಿಯಮವಿದೆ: ನಿಶ್ಚಲ ಮಾಧ್ಯಮದಲ್ಲಿ ಮೂಲವನ್ನೂ ಕೇಳುಗನನ್ನೂ ಅದಲುಬದಲು ಮಾಡಿದರೆ ಕೇಳುವ ಸದ್ದು ಅದೇ.

1960ರ ದಶಕದಲ್ಲೇ ಪರ್ವುಲೆಸ್ಕು ಮತ್ತು ಕ್ಲೇ ಬಹಾಮಾಸ್ ಬಳಿ ಒಂದೇ ಮೂಲ, ಒಂದೇ ಗ್ರಾಹಕ ಇಟ್ಟು ಇದರ ಬೀಜರೂಪವನ್ನು ಪರೀಕ್ಷಿಸಿದ್ದರು. ಅದು ಆಳದ ಕಡಲು. ಪ್ಯಾರಿಸಿನಲ್ಲಿ ಮಥಿಯಾಸ್ ಫಿಂಕ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಿಂದ ಅಲ್ಟ್ರಾಸೌಂಡ್‌ಗೆ ಈ ಉಪಾಯವನ್ನು ಅಳವಡಿಸಿದರು. ಮೂತ್ರಪಿಂಡದ ಕಲ್ಲಿನಿಂದ ಮರಳಿದ ಪ್ರತಿಧ್ವನಿಯನ್ನು ತಿರುಗಿಸಿ ಕಲ್ಲಿನ ಮೇಲೇ ಕೂಡಿಸುವುದು ಅವರ ಉದ್ದೇಶಗಳಲ್ಲಿ ಒಂದು. 1991ರಲ್ಲಿ ಜಾಕ್ಸನ್ ಮತ್ತು ಡೌಲಿಂಗ್ ಕಡಲಿಗೆ ಬೇಕಾದ ಸಿದ್ಧಾಂತವನ್ನು ಬರೆದರು. ಉಳಿದದ್ದು ನೀರಿಗಿಳಿದು ಮಾಡಿ ನೋಡುವ ಕೆಲಸ.

ಅದನ್ನು ಮಾಡಿದವರು ಅಮೆರಿಕದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ವಿಲಿಯಂ ಕೂಪರ್‌ಮನ್, ವಿಲಿಯಂ ಹಾಡ್ಜ್‌ಕಿಸ್, ಹೀ ಚುನ್ ಸಾಂಗ್ ಮತ್ತು ಇಟಲಿಯ ಲಾ ಸ್ಪೆಜಿಯಾದಲ್ಲಿದ್ದ ನೇಟೋ ಸಾಗರ ಸಂಶೋಧನಾ ಕೇಂದ್ರದ ತುಂಜಾಯ್ ಅಕಾಲ್ ಮೊದಲಾದವರು. 1996ರ ಏಪ್ರಿಲ್. ಒಂದು ಕಡೆ 125 ಮೀಟರ್ ಆಳದ ನೀರಿನಲ್ಲಿ 77 ಮೀಟರ್ ಉದ್ದಕ್ಕೆ ಲಂಬವಾಗಿ ಇಳಿಬಿಟ್ಟ ಸಾಲು. ಅದರಲ್ಲಿ 20 ಘಟಕಗಳು, ಪ್ರತಿಯೊಂದೂ ಕೇಳಬಲ್ಲದು, ನುಡಿಯಲೂಬಲ್ಲದು. 6.3 ಕಿಲೋಮೀಟರ್ ಆಚೆ 145 ಮೀಟರ್ ಆಳದಲ್ಲಿ ಇನ್ನೊಂದು ಸಾಲು. 90 ಮೀಟರ್ ಉದ್ದಕ್ಕೆ 46 ಹೈಡ್ರೋಫೋನ್‌ಗಳು, ಇವು ಬರೀ ಕೇಳುವವು. ಈ ಎರಡನೆಯ ಸಾಲಿನಷ್ಟೇ ದೂರದಲ್ಲಿ ಒಂಟಿಯಾಗಿ ಒಂದು ಧ್ವನಿಮೂಲ.

ಈಗ ನಡೆದದ್ದನ್ನು ಹಂತ ಹಂತವಾಗಿ ನೋಡಿ. ಒಂಟಿ ಮೂಲ 50 ಮಿಲಿಸೆಕೆಂಡಿನ ಒಂದು ಸದ್ದು ಮಾಡಿತು. 445 ಹರ್ಟ್ಜ್‌ನಲ್ಲಿ ಅಷ್ಟು ಹೊತ್ತೆಂದರೆ ಇಪ್ಪತ್ತೆರಡು ಕಂಪನಗಳು. ನಾಲ್ಕು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತಿನ ನಂತರ ಅದು 20 ಘಟಕಗಳ ಸಾಲನ್ನು ಮುಟ್ಟಿತು, ಅಷ್ಟರಲ್ಲಿ ಎಳೆದುಕೊಂಡು ಕಲಸಿಹೋಗಿತ್ತು. ಪ್ರತಿ ಘಟಕವೂ ತಾನು ಕೇಳಿದ್ದನ್ನು ಅಂಕೆಗಳಾಗಿ ದಾಖಲಿಸಿತು. ಆ ದಾಖಲೆಯನ್ನು ಹಿಂದುಮುಂದಾಗಿ ತಿರುಗಿಸಿ, ಪ್ರತಿ ಘಟಕದಿಂದಲೂ ಅದರದೇ ದಾಖಲೆಯನ್ನು ವಾಪಸು ನುಡಿಸಿದರು. ಮತ್ತೆ ನಾಲ್ಕು ಸೆಕೆಂಡು. ಆಚೆಯ 46 ಹೈಡ್ರೋಫೋನ್‌ಗಳಲ್ಲಿ ಏನು ಕೇಳಿಸಿತು? ಒಂಟಿ ಮೂಲ ಯಾವ ಆಳದಲ್ಲಿತ್ತೋ ಆ ಆಳದಲ್ಲಿ ಸದ್ದು ಕೂಡಿಕೊಂಡು ಬಲವಾಗಿ ಬಂತು. ಅದರ ಮೇಲೂ ಕೆಳಗೂ ತಗ್ಗಿತು. ಕಾಲದಲ್ಲಿಯೂ ಹಾಗೆಯೇ, ಎಳೆದುಕೊಂಡಿದ್ದ ಸದ್ದು ಮತ್ತೆ ಕಿರಿದಾದ ಒಂದು ಸದ್ದಾಗಿ ಕೂಡಿಬಂತು. ತಳದ ಮಣ್ಣಿನ ಬಗೆಗಾಗಲಿ ನೀರಿನ ತಾಪದ ಬಗೆಗಾಗಲಿ ಒಂದು ಅಂಕೆಯನ್ನೂ ಆ ಸಾಲಿಗೆ ಹೇಳಿಕೊಟ್ಟಿರಲಿಲ್ಲ.

ಸಂಗಮದ ಅಗಲ ನೀರಿನ ಆಳದ ಒಂದು ಸಣ್ಣ ಪಾಲಿನಷ್ಟಿತ್ತು ಎಂಬುದು ನನಗೆ ಇವತ್ತಿಗೂ ಮೈ ನವಿರೇಳಿಸುವ ಸಂಗತಿ. ಬಯಲು ನೀರಿನ ಲೆಕ್ಕದಲ್ಲಿ 280 ಮೀಟರ್ ಬಂದಿತ್ತಲ್ಲ, ಅದು ಎಲ್ಲಿ ಹೋಯಿತು? ಮೇಲ್ಮೈ ಮತ್ತು ತಳ ಎರಡೂ ಶಬ್ದಕ್ಕೆ ಕನ್ನಡಿಗಳು. ಆ ಕನ್ನಡಿಗಳಲ್ಲಿ ಸಾಲಿನ ಪ್ರತಿಬಿಂಬಗಳು ಮೇಲೊಂದು, ಕೆಳಗೊಂದು, ಅದರಾಚೆ ಮತ್ತೊಂದು ಎಂದು ಮೂಡುತ್ತವೆ. ಗುರಿಯ ಕಡೆಯಿಂದ ನೋಡಿದರೆ ಅಲ್ಲಿರುವುದು 77 ಮೀಟರಿನ ಸಾಲಲ್ಲ, ಅದರ ಹಲವು ಪಟ್ಟು ಉದ್ದದ ಸಾಲು. ಪುಟಿದಾಟ ಹೆಚ್ಚಿದಷ್ಟೂ ಸಂಗಮ ಚೊಕ್ಕ. ದಶಕಗಳ ಕಾಲ ಸೋನಾರ್ ಎಂಜಿನಿಯರುಗಳು ಪಿಡುಗು ಎಂದು ಬಗೆದು ಹತ್ತಿಕ್ಕಲು ನೋಡಿದ ಪ್ರತಿಧ್ವನಿಗಳೇ ಇಲ್ಲಿ ದುಡಿಯುವ ಬಂಡವಾಳ. ಆಳವಿಲ್ಲದ ಕಡಲಿನ ಅಧ್ಯಯನದಲ್ಲಿ ಇದಕ್ಕಿಂತ ದೊಡ್ಡ ತಿರುವನ್ನು ನಾನು ಕಾಣೆ.

1997ರ ಮೇ ತಿಂಗಳಲ್ಲಿ ಅದೇ ತಂಡ ಮತ್ತೆ ಕಡಲಿಗಿಳಿಯಿತು. ಈ ಸಲ ಸಂಗಮ 30 ಕಿಲೋಮೀಟರ್ ಆಚೆಗೂ ಸಾಧ್ಯವಾಯಿತು. ಒಂದು ವಾರ ಹಳೆಯ ದಾಖಲೆಯನ್ನು ತಿರುಗಿಸಿ ನುಡಿಸಿದರೂ ಶಬ್ದ ಕೂಡಿಕೊಂಡಿತು. ಉಬ್ಬರ ಇಳಿತ ಎಷ್ಟು ಬಾರಿ ಬಂದುಹೋಗಿರಬೇಕು, ಗಾಳಿ ಎಷ್ಟು ಬದಲಾಗಿರಬೇಕು ಯೋಚಿಸಿ. 445 ಹರ್ಟ್ಜ್‌ನ 3.4 ಮೀಟರ್ ತರಂಗಕ್ಕೆ ಆ ಏರುಪೇರುಗಳು ಅಷ್ಟಾಗಿ ತಟ್ಟಲಿಲ್ಲ. ಆವೃತ್ತಿ ಹೆಚ್ಚಿಸಿದರೆ ಈ ಭಾಗ್ಯ ಇರುವುದಿಲ್ಲ. ತರಂಗ ಕಿರಿದಾದಷ್ಟೂ ಸಣ್ಣ ಕದಲಿಕೆಯೂ ಸಂಗಮವನ್ನು ಕೆಡಿಸುತ್ತದೆ, ದಾಖಲೆ ಬೇಗ ಹಳಸುತ್ತದೆ.

ಇನ್ನೊಂದು ತೊಡಕನ್ನೂ ಆ ವರ್ಷ ಬಿಡಿಸಿದರು. ಶಬ್ದ ಕೂಡಿಕೊಳ್ಳುವುದು ಮೊದಲು ಸದ್ದು ಮಾಡಿದ ಜಾಗದಲ್ಲಿ. ಬೇರೆ ದೂರದಲ್ಲಿ ಬೇಕಾದರೆ? ಸೋವಿಯತ್ ವಿಜ್ಞಾನಿ ಚುಪ್ರೋವ್ 1982ರಲ್ಲಿ ಪ್ರಕಟಿಸಿದ ಒಂದು ಸಂಬಂಧ ಇಲ್ಲಿ ನೆರವಿಗೆ ಬಂತು. ಆಳವಿಲ್ಲದ ನೀರಿನಲ್ಲಿ ದೂರವನ್ನೂ ಆವೃತ್ತಿಯನ್ನೂ ಒಂದೇ ಪ್ರಮಾಣದಲ್ಲಿ ಹೆಚ್ಚಿಸಿದರೆ ಮೋಡ್‌ಗಳು ಕೂಡಿಕೊಳ್ಳುವ ವಿನ್ಯಾಸ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ದಾಖಲೆಯ ಆವೃತ್ತಿಯನ್ನು ನೂರಕ್ಕೆ ಐದರಷ್ಟು ಏರಿಸಿ ನುಡಿಸಿದರೆ ಸಂಗಮವೂ ಸುಮಾರು ನೂರಕ್ಕೆ ಐದರಷ್ಟು ದೂರ ಸರಿಯುತ್ತದೆ. ಇಳಿಸಿದರೆ ಹತ್ತಿರ ಬರುತ್ತದೆ. ವಿದ್ಯಾರ್ಥಿಗಳು ಗಮನಿಸಬೇಕು: ಹದಿನೈದು ವರ್ಷ ಹಿಂದೆ, ಬೇರೆ ದೇಶದಲ್ಲಿ, ಬೇರೆ ಪ್ರಶ್ನೆಗೆ ಸಿಕ್ಕ ಉತ್ತರ ಅದು.

ಉಪಯೋಗಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನೀರಿನೊಳಗಿನ ಯಂತ್ರಗಳ ನಡುವೆ ಸಂದೇಶ ಕಳಿಸುವಾಗ ಪ್ರತಿಧ್ವನಿಗಳು ಒಂದಕ್ಷರದ ಮೇಲೆ ಇನ್ನೊಂದನ್ನು ಹೇರುತ್ತವೆ. ಕಾಲವನ್ನು ತಿರುಗಿಸಿದ ಸಾಲು ಅದನ್ನು ತಾನೇ ಬಿಡಿಸುತ್ತದೆ, ಸಂದೇಶ ಗುರಿಯ ಹೊರಗಿನವರಿಗೆ ಸ್ಪಷ್ಟವಾಗಿ ಕೇಳುವುದೂ ಕಷ್ಟ. ನೌಕಾಪಡೆಗಳ ಆಸಕ್ತಿ ಎಲ್ಲಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ತೀರಕ್ಕೆ ಬರೋಣ. ಭಾರತದ ಪಶ್ಚಿಮ ತೀರದ ಆಳವಿಲ್ಲದ ಕಡಲು ಮುಂಬೈ ಎದುರು ಬಹಳ ಅಗಲ, ದಕ್ಷಿಣಕ್ಕೆ ಬಂದಂತೆ ಕಿರಿದಾಗುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಮೀನುಗಾರಿಕೆ ಬಹುತೇಕ ನಡೆಯುವುದು ಇದರ ಮೇಲೆಯೇ. ಮಲ್ಪೆಯ ಟ್ರಾಲ್ ಬೋಟಿನ ತಂಡೇಲರಿಗೆ ಫಿಶ್ ಫೈಂಡರ್ ಪರದೆ ಓದುವುದು ಅಂಗೈ ಗೆರೆಯಷ್ಟು ಪರಿಚಿತ. ಆ ಸಾಧನ ಸಾಮಾನ್ಯವಾಗಿ 50 ಅಥವಾ 200 ಕಿಲೋಹರ್ಟ್ಜ್‌ನಲ್ಲಿ ನೇರ ಕೆಳಕ್ಕೆ ನೋಡುತ್ತದೆ, ಆದ್ದರಿಂದ ಅದಕ್ಕೆ ಈ ತೊಡಕುಗಳು ಕಡಿಮೆ. ಅಡ್ಡಲಾಗಿ ನೋಡಲು ಹೋದಾಗ ನಮ್ಮ ಕಡಲು ಕಠಿಣ.

ಮಳೆಗಾಲದಲ್ಲಿ ತಳದ ತಣ್ಣೀರು ತೀರದ ಕಡೆಗೆ ಏರಿಬರುತ್ತದೆ. ಮೇಲ್ಮೈ 28 ಡಿಗ್ರಿ ಇದ್ದು 50 ಮೀಟರ್ ಕೆಳಗೆ 22 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ಮೇಲೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1541 ಮೀಟರ್, ಕೆಳಗೆ ಸುಮಾರು 1527. ಹದಿನಾಲ್ಕು ಮೀಟರಿನ ವ್ಯತ್ಯಾಸ ಅತ್ಯಲ್ಪ ಎನಿಸಬಹುದು. ಆದರೆ ಶಬ್ದ ಯಾವಾಗಲೂ ವೇಗ ಕಡಿಮೆಯಿರುವ ಕಡೆಗೆ ಬಾಗುತ್ತದೆ. ಮೇಲ್ಮೈಯ ಹತ್ತಿರ ಸಪಾಟಾಗಿ ಹೊರಟ ಶಬ್ದ ಮುಕ್ಕಾಲು ಕಿಲೋಮೀಟರ್ ಹೋಗುವುದರೊಳಗೆ 50 ಮೀಟರ್ ಕೆಳಗಿಳಿದುಬಿಡುತ್ತದೆ. ಇದರ ಮೇಲೆ ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳು ತಂದು ಸುರಿಯುವ ಸಿಹಿನೀರು. ಉಪ್ಪು ಕಡಿಮೆಯಾದರೆ ವೇಗವೂ ಕಡಿಮೆ. ತಳವೂ ಒಂದೇ ಬಗೆಯದಲ್ಲ. ತೀರದ ಬಳಿ ಮೆತ್ತನೆಯ ಕೆಸರು, ಹೊರಗೆ ಹೋದಂತೆ ಹಳೆಯ ಕಾಲದ ಮರಳು. ಮರಳು ಶಬ್ದವನ್ನು ಚೆನ್ನಾಗಿ ಹಿಂದಿರುಗಿಸುತ್ತದೆ, ಮೆತ್ತನೆಯ ಕೆಸರು ನುಂಗುತ್ತದೆ. ಮೆಡಿಟರೇನಿಯನ್‌ನಲ್ಲಿ ಒಂದು ವಾರ ಬಾಳಿದ ದಾಖಲೆ ಆಷಾಢದ ಅರಬ್ಬೀ ಕಡಲಲ್ಲಿ ಅಷ್ಟೇ ಬಾಳಬೇಕು ಎಂದೇನೂ ಇಲ್ಲ. ಅಳೆದೇ ತಿಳಿಯಬೇಕು.

ಈ ಜ್ಞಾನ ನಮ್ಮವರಿಗೆ ಹೊರಗಿನದಲ್ಲ. ಕೊಚ್ಚಿಯ ನೌಕಾ ಭೌತ ಮತ್ತು ಸಾಗರ ವಿಜ್ಞಾನ ಪ್ರಯೋಗಾಲಯ ರೂಪಿಸಿದ ಸೋನಾರ್‌ಗಳನ್ನು ತಯಾರಿಸುವುದು ಬೆಂಗಳೂರು ಮೂಲದ ಭಾರತ್ ಎಲೆಕ್ಟ್ರಾನಿಕ್ಸ್. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಳವಿಲ್ಲದ ಕಡಲಿನ ಸಂಕೇತಗಳ ಮೇಲೆ ಬಹುಕಾಲದಿಂದ ಕೆಲಸ ನಡೆದಿದೆ. ಕಡಲಿಲ್ಲದ ಊರಿನಲ್ಲಿ ಕಡಲಿನ ಕಿವಿಗಳು ತಯಾರಾಗುತ್ತಿವೆ, ಕಡಲ ತೀರದ ನಮ್ಮ ಪದವಿ ತರಗತಿಗಳಲ್ಲಿ ಈ ಪಾಠವೇ ಇಲ್ಲ. ಇದು ಸರಿಯಲ್ಲ ಎಂದು ನಾನು ಒತ್ತಿ ಹೇಳುತ್ತೇನೆ.

ಒಂದು ನೋವಿನ ಸಂಗತಿಯನ್ನೂ ಹೇಳದೆ ಮುಂದೆ ಹೋಗಲಾರೆ. ಇಟಲಿಯ ಪ್ರಯೋಗ ನಡೆದ ಮರುತಿಂಗಳೇ, 1996ರ ಮೇ 12 ಮತ್ತು 13ರಂದು, ಗ್ರೀಸಿನ ಕಿಪರಿಸಿಯಾಕೋಸ್ ಕೊಲ್ಲಿಯ ತೀರದಲ್ಲಿ ಹನ್ನೆರಡಕ್ಕೂ ಕಡಿಮೆಯಿಲ್ಲದಷ್ಟು ಕೊಕ್ಕಿನ ತಿಮಿಂಗಿಲಗಳು ದಡಕ್ಕೆ ಬಂದು ಬಿದ್ದವು. ಆ ದಿನಗಳಲ್ಲಿ ಅಲ್ಲಿ ಅದೇ ನೇಟೋ ಕೇಂದ್ರ ಬೇರೊಂದು ಬಗೆಯ, ಬಹಳ ಪ್ರಬಲವಾದ ಸೋನಾರ್ ಪರೀಕ್ಷೆ ನಡೆಸುತ್ತಿತ್ತು. ಎರಡರ ನಡುವಿನ ಸಂಬಂಧವನ್ನು 1998ರಲ್ಲಿ ನೇಚರ್ ಪತ್ರಿಕೆಯ ಬರಹವೊಂದು ಮುಂದಿಟ್ಟಿತು. 2000ನೆಯ ಇಸವಿಯ ಮಾರ್ಚಿನಲ್ಲಿ ಬಹಾಮಾಸ್‌ನಲ್ಲಿ ತಿಮಿಂಗಿಲಗಳು ಹೀಗೆಯೇ ದಡಕ್ಕೆ ಬಿದ್ದಾಗ ಅಮೆರಿಕದ ನೌಕಾಪಡೆಯೂ ಸೇರಿ ತಯಾರಿಸಿದ ವರದಿ ನೌಕೆಗಳ ಸೋನಾರ್ ಕಡೆಗೇ ಬೆರಳು ತೋರಿಸಿತು.

ಎಲ್ಲ ದಿಕ್ಕಿಗೂ ಅಬ್ಬರಿಸುವ ಸೋನಾರ್‌ಗೂ, ಬೇಕಾದ ಕಡೆ ಮಾತ್ರ ಕೂಡಿಕೊಳ್ಳುವ ಶಬ್ದಕ್ಕೂ ಈ ದೃಷ್ಟಿಯಿಂದ ದೊಡ್ಡ ಅಂತರವಿದೆ. ಗುರಿಯಲ್ಲಿ ಅದೇ ಬಲ ಬೇಕಾದರೆ ಎರಡನೆಯದಕ್ಕೆ ಕಡಿಮೆ ಶಕ್ತಿ ಸಾಕು, ಉಳಿದ ಕಡಲು ಅಷ್ಟು ಕಡಿಮೆ ಸದ್ದನ್ನು ಸಹಿಸಿದರೆ ಆಯಿತು. ಆದರೆ ಸಂಗಮದ ಜಾಗದಲ್ಲಿ ಒಂದು ಪ್ರಾಣಿ ಇದ್ದರೆ ಅದಕ್ಕೆ ಆಗುವುದು ಒಳ್ಳೆಯದೇನಲ್ಲ. ನಮ್ಮ ಅಳಿವೆಗಳ ಬಾಯಲ್ಲಿ ಹಂಪ್‌ಬ್ಯಾಕ್ ಡಾಲ್ಫಿನ್‌ಗಳಿವೆ. ಅರಬ್ಬೀ ಕಡಲಿನ ಹಂಪ್‌ಬ್ಯಾಕ್ ತಿಮಿಂಗಿಲಗಳು ವಲಸೆ ಹೋಗದೆ ವರ್ಷವಿಡೀ ಇದೇ ಕಡಲಲ್ಲಿ ಬಾಳುವ, ಅಳಿವಿನ ಅಂಚಿನಲ್ಲಿರುವ ಸಂಕುಲ. ಅವುಗಳಿಗೂ ದಾರಿ, ಸಂಗಾತಿ, ಆಹಾರ ಸಿಗುವುದು ಶಬ್ದದಿಂದಲೇ. ಶಬ್ದವನ್ನು ಎಲ್ಲಿ ಕೂಡಿಸಬಹುದು ಎಂದು ಕಲಿತವರಿಗೆ ಎಲ್ಲಿ ಕೂಡಿಸಬಾರದು ಎಂಬ ನಕ್ಷೆಯೂ ಬೇಕು. ಮೊದಲು ಕೇಳಿಸಿಕೊಂಡು ಆಮೇಲೆ ನುಡಿಯುವ ಸಾಲಿಗೆ ಆ ನಕ್ಷೆ ಮಾಡುವ ಸಾಮರ್ಥ್ಯವೂ ಇದೆ. ಅದನ್ನು ಕಿವಿಯಾಗಿಯೇ ಹೆಚ್ಚು ಹೊತ್ತು ಇಡಬೇಕೆಂಬುದು ನನ್ನ ನಿಲುವು.

ಇಲ್ಲಿರುವ ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಒಂದು ಹೈಡ್ರೋಫೋನ್, ಒಂದು ಧ್ವನಿಮುದ್ರಕ, ಆಳಕ್ಕೆ ಇಳಿಸಿ ತಾಪ ಅಳೆಯುವ ಒಂದು ಸಂವೇದಕ: ಒಂದು ಕಾಲೇಜಿನ ಶಕ್ತಿಗೆ ಮೀರಿದ ಸಾಮಗ್ರಿ ಇದಲ್ಲ. ಬಂದರಿನ ಬೋಟಿನವರ ಸ್ನೇಹ ಬೆಳೆಸಿ, ಬಂದರು ಅಧಿಕಾರಿಗಳ ಅನುಮತಿ ಪಡೆದು, ಒಂದೇ ಜಾಗದಲ್ಲಿ ಮಳೆಗಾಲಕ್ಕೆ ಮುಂಚೆ ಮತ್ತು ಮಳೆಗಾಲದ ನಂತರ ನೀರಿನ ತಾಪವನ್ನೂ ಶಬ್ದವನ್ನೂ ಅಳೆದು ದಾಖಲಿಸಿ. ಅದನ್ನು ವರ್ಷ ವರ್ಷವೂ ಮುಂದುವರಿಸಿ, ಕನ್ನಡದಲ್ಲಿ ಬರೆದು ಪ್ರಕಟಿಸಿ. ಪ್ರಾಧ್ಯಾಪಕ ಮಿತ್ರರು ಮುಂದಿನ ಶೈಕ್ಷಣಿಕ ವರ್ಷದ ಯೋಜನಾಕಾರ್ಯದಲ್ಲಿ ಇದನ್ನು ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ.